ಹೇಗೆ ಗೊತ್ತು ಎಂದು ಕೇಳುವ ಪ್ರವಾಸ

"ಇದನ್ನು ಅಟ್ರಿಯಸ್‌ನ ಖಜಾನೆ ಅಂತ ಕರೀತಾರೆ. ಆದರೆ ಇದು ಖಜಾನೆಯಲ್ಲ, ಗೋರಿ. ಅಟ್ರಿಯಸ್‌ನದು ಅನ್ನೋದಕ್ಕೂ ಆಧಾರ ಇಲ್ಲ" ಎಂದರು ಗೈಡ್. ಗ್ರೀಸ್ ದೇಶದ ಮೈಸೀನಿಯಲ್ಲಿ, ಗುಡ್ಡದ ಮಗ್ಗುಲು ಕಡಿದು ಮಾಡಿದ 36 ಮೀಟರ್ ಉದ್ದದ ಓಣಿಯ ಕೊನೆಯಲ್ಲಿ ನಾನೂ ಅಕ್ಕನೂ ನಿಂತಿದ್ದೆವು. ಎದುರಿಗೆ ಮೂರಾಳೆತ್ತರದ ಬಾಗಿಲು. ಅದರ ಒಳಮಗ್ಗುಲಿನ ತೊಲೆಗಲ್ಲು ಒಂದೇ ಬಂಡೆಯದು, ತೂಕ ಸುಮಾರು 120 ಟನ್. ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಅದು ಅಲ್ಲಿಂದ ಕದಲಿಲ್ಲ. ಅಷ್ಟು ದೊಡ್ಡ ಅದ್ಭುತದ ಮುಂದೆ ನಿಂತು, ಅದರ ಹೆಸರಿನಲ್ಲಿರುವ ತಪ್ಪನ್ನು ತಿದ್ದಿಯೇ ಮಾತು ಶುರುಮಾಡಿದ ಆ ಹೆಣ್ಣುಮಗಳ ಬಗ್ಗೆ ನನಗೆ ಆ ಕ್ಷಣವೇ ಗೌರವ ಹುಟ್ಟಿತು.

ಅಥೆನ್ಸ್‌ಗೆ ಹೋದವರು ಅಕ್ರೊಪೊಲಿಸ್ ನೋಡಿ ಮುಗಿಸಿದ ಮೇಲೆ, ಒಂದು ದಿನಕ್ಕೆಂದು ಖಾಸಗಿ ಕಾರು ಗೊತ್ತು ಮಾಡಿಕೊಂಡು ಪೆಲೊಪೊನೀಸ್ ಕಡೆಗೆ ಹೊರಡುವುದು ವಾಡಿಕೆ. ಕೊರಿಂಥ್ ಕಾಲುವೆ, ಹಳೆಯ ಕೊರಿಂಥ್ ನಗರ, ಮೈಸೀನಿ ಕೋಟೆ, ನಾಫ್ಲಿಯೊದಲ್ಲಿ ಊಟ, ಕೊನೆಗೆ ಎಪಿಡಾರಸ್‌ನ ರಂಗಮಂದಿರ. ಬೆಳಗ್ಗೆ ಎಂಟಕ್ಕೆ ಹೊರಟರೆ ಕತ್ತಲಾಗುವ ಹೊತ್ತಿಗೆ ವಾಪಸ್. ಬಸ್ಸಿನ ಗುಂಪು ಪ್ರವಾಸಕ್ಕಿಂತ ಇದಕ್ಕೆ ಖರ್ಚು ಹೆಚ್ಚು. ಹಾಗಾದರೆ ಆ ಹೆಚ್ಚಿನ ಹಣಕ್ಕೆ ನಮಗೆ ಸಿಗುವುದೇನು? ತಂಪು ಕಾರು, ಬೇಕೆಂದಲ್ಲಿ ನಿಲ್ಲಿಸುವ ಅನುಕೂಲ ಇದ್ದೇ ಇವೆ. ನನ್ನ ಮಟ್ಟಿಗೆ ಅದಕ್ಕಿಂತ ಬೆಲೆಯುಳ್ಳದ್ದು ಮತ್ತೊಂದು. ಬಲ್ಲವರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿ ಕಲ್ಲಿನ ಮುಂದೆಯೂ "ಇದು ಹೇಗೆ ಗೊತ್ತು?" ಎಂದು ಕೇಳುವ ಬಿಡುವು ಅಲ್ಲಿ ಸಿಗುತ್ತದೆ. ನಲವತ್ತು ಜನರ ಗುಂಪಿನಲ್ಲಿ ಆ ಪ್ರಶ್ನೆ ಬಾಯಿಗೆ ಬರುವಷ್ಟರಲ್ಲಿ ಗೈಡ್ ಮುಂದಿನ ಕಲ್ಲಿನ ಹತ್ತಿರ ಇರುತ್ತಾರೆ.

ಇಲ್ಲಿ ನಮ್ಮ ಜನ ಹೆಚ್ಚಾಗಿ ಎಡವುವ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಗ್ರೀಸಿನಲ್ಲಿ ಪುರಾತತ್ವ ತಾಣಗಳ ಒಳಗೆ ವಿವರಣೆ ಕೊಡಲು ಸರ್ಕಾರದ ಪರವಾನಗಿ ಬೇಕು. ಕಾರು ಓಡಿಸುವವರು ಎಷ್ಟೇ ತಿಳಿದವರಾದರೂ, ಎಷ್ಟೇ ಚೆನ್ನಾಗಿ ಇಂಗ್ಲಿಷ್ ಮಾತಾಡಿದರೂ, ಗೇಟಿನ ಹೊರಗೇ ನಿಲ್ಲಬೇಕು. "ಖಾಸಗಿ ಪ್ರವಾಸ" ಎಂದು ಬುಕ್ ಮಾಡಿದವರಲ್ಲಿ ಅನೇಕರಿಗೆ ಇದು ತಿಳಿಯುವುದು ಮೈಸೀನಿಯ ಟಿಕೆಟ್ ಕೌಂಟರಿನ ಮುಂದೆಯೇ. ಡ್ರೈವರು ದಾರಿಯುದ್ದಕ್ಕೂ ಕಥೆ ಹೇಳಿಕೊಂಡು ಬಂದಿರುತ್ತಾರೆ, ಒಳಗೆ ಹೋದ ಮೇಲೆ ಕೇಳೋಣವೆಂದರೆ ಯಾರೂ ಇಲ್ಲ. ಪರವಾನಗಿ ಇರುವ ಗೈಡ್‌ಗೆ ಬೇರೆಯಾಗಿ ಹಣ ಕೊಟ್ಟು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಹಣ ಹೊಂದುವುದಿಲ್ಲ ಎನ್ನಿಸಿದರೆ ಕಾರಿನ ಗಾತ್ರ ಇಳಿಸಿ, ಊಟವನ್ನು ಸರಳ ಮಾಡಿ, ಬೇಕಾದರೆ ಒಂದು ತಾಣವನ್ನೇ ಬಿಡಿ. ಗೈಡನ್ನು ಮಾತ್ರ ಬಿಡಬೇಡಿ.

ಅಥೆನ್ಸ್‌ನಿಂದ 80 ಕಿಲೋಮೀಟರ್ ದೂರದಲ್ಲಿ ಮೊದಲ ನಿಲುಗಡೆ, ಕೊರಿಂಥ್ ಕಾಲುವೆ. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಎರಡೂ ಬದಿಗೆ ಗೋಡೆಯಂತೆ ಕಡಿದ ಬಂಡೆ, ಎತ್ತರ ಸುಮಾರು 80 ಮೀಟರ್; ತಳದಲ್ಲಿ ಇಪ್ಪತ್ತೈದು ಮೀಟರ್‌ನಷ್ಟು ಅಗಲದ ನೀಲಿ ನೀರಿನ ಪಟ್ಟಿ. ಆರು ಕಿಲೋಮೀಟರಿಗೆ ತುಸು ಹೆಚ್ಚು ಉದ್ದದ ಈ ಕಾಲುವೆ ತೆರೆದದ್ದು 1893ರಲ್ಲಿ. ಇದನ್ನು ತೋಡುವ ಆಸೆ ಮಾತ್ರ ಬಹಳ ಹಳೆಯದು. ಕ್ರಿ.ಶ. 67ರಲ್ಲಿ ರೋಮಿನ ಚಕ್ರವರ್ತಿ ನೀರೊ ಸಾವಿರಾರು ಯೆಹೂದಿ ಸೆರೆಯಾಳುಗಳನ್ನು ಹಚ್ಚಿ ಅಗೆತ ಶುರುಮಾಡಿಸಿದ್ದ, ಅವನ ಸಾವಿನೊಂದಿಗೆ ಕೆಲಸ ನಿಂತಿತು. ಅದಕ್ಕೂ ಆರುನೂರು ವರ್ಷಕ್ಕೆ ಮೊದಲು ಕೊರಿಂಥಿನವರು ಬೇರೆ ಉಪಾಯ ಕಂಡುಕೊಂಡಿದ್ದರು. ನೆಲದ ಮೇಲೆ ಕಲ್ಲು ಹಾಸಿ ದಾರಿ ಮಾಡಿ, ದೋಣಿ ಮತ್ತು ಸರಕನ್ನು ಒಂದು ಕೊಲ್ಲಿಯಿಂದ ಇನ್ನೊಂದು ಕೊಲ್ಲಿಗೆ ಎಳೆದು ಸಾಗಿಸುತ್ತಿದ್ದರು. ಡಿಯೊಲ್ಕೊಸ್ ಎಂಬ ಆ ಹಾದಿಯ ತುಂಡುಗಳು ಈಗಲೂ ಕಾಲುವೆಯ ದಡದಲ್ಲಿವೆ. ಎರಡು ಸಮುದ್ರಗಳ ನಡುವಿನ ಈ ಸಣ್ಣ ನೆಲ ಯಾರ ಕೈಯಲ್ಲಿತ್ತೋ ಅವರಿಗೆ ಎರಡೂ ಕಡೆಯ ವ್ಯಾಪಾರದ ಸುಂಕ. ಕೊರಿಂಥ್ ಏಕೆ ಅಷ್ಟು ಸಿರಿವಂತ ನಗರವಾಗಿತ್ತು ಎಂಬುದಕ್ಕೆ ಈ ಸೇತುವೆಯ ಮೇಲೆ ಇಪ್ಪತ್ತು ನಿಮಿಷ ನಿಂತರೆ ಉತ್ತರ ಸಿಗುತ್ತದೆ.

ಹಳೆಯ ಕೊರಿಂಥ್ ಅಲ್ಲಿಂದ ಹತ್ತಿರ. ಲಂಕೇಶರ ಅನುವಾದದಲ್ಲಿ ಈಡಿಪಸ್ ಓದಿದ ಕನ್ನಡಿಗರಿಗೆ ಈ ಊರಿನ ಹೆಸರು ಹೊಸದಲ್ಲ. ಹೆತ್ತವರು ಬಿಸಾಡಿದ ಕೂಸು ಈಡಿಪಸ್ ಅರಸುಮಗನಾಗಿ ಬೆಳೆದದ್ದು ಕೊರಿಂಥಿನಲ್ಲಿ. ಅಕ್ಕ ಆ ನಾಟಕವನ್ನು ಕಾಲೇಜಿನಲ್ಲಿದ್ದಾಗ ರಂಗದ ಮೇಲೆ ನೋಡಿದವಳು. ಅಪೊಲೊ ದೇವಾಲಯದ ಕಂಬಗಳ ಮುಂದೆ ಅವಳು ಬಹಳ ಹೊತ್ತು ಸುಮ್ಮನೆ ನಿಂತಳು. ಒಂದು ಕಾಲಕ್ಕೆ ಸುತ್ತಲೂ 38 ಕಂಬಗಳಿದ್ದವಂತೆ, ಈಗ ಉಳಿದು ನಿಂತಿರುವುದು ಏಳು. ತುಂಡು ತುಂಡಾಗಿ ಜೋಡಿಸಿದ ಕಂಬಗಳಲ್ಲ ಅವು, ಒಂದೊಂದೂ ಇಡೀ ಕಲ್ಲಿನದು, ಏಳು ಮೀಟರಿಗೂ ಹೆಚ್ಚು ಎತ್ತರ. ಕ್ರಿ.ಪೂ. 6ನೆಯ ಶತಮಾನದ ನಡುಭಾಗದ ಕೆಲಸ.

ಆ ಕಂಬಗಳನ್ನು ಬಿಟ್ಟು ಸುತ್ತ ಕಣ್ಣಾಡಿಸಿದರೆ ಕಾಣುವುದೆಲ್ಲ ಬಹುಮಟ್ಟಿಗೆ ರೋಮನ್ ಊರು. ಗ್ರೀಸ್ ನೋಡಲು ಬಂದವರಿಗೆ ಇದು ಗೊಂದಲ. ಕಾರಣ ಸರಳ. ಕ್ರಿ.ಪೂ. 146ರಲ್ಲಿ ರೋಮನ್ ಸೇನಾಪತಿ ಮುಮ್ಮಿಯಸ್ ಕೊರಿಂಥನ್ನು ಹಾಳುಗೆಡವಿದ. ಒಂದು ಶತಮಾನ ಊರು ಪಾಳು ಬಿದ್ದಿತ್ತು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ರೋಮನ್ ವಸಾಹತಾಗಿ ಮತ್ತೆ ಕಟ್ಟಿಸಲು ಹೊರಟ. ಸಂತ ಪೌಲ ಬಂದು ಗುಡಾರ ಹೊಲಿಯುತ್ತಾ ಉಪದೇಶ ಮಾಡಿದ್ದು ಈ ಎರಡನೆಯ ಕೊರಿಂಥಿನಲ್ಲಿ. ಮಾರುಕಟ್ಟೆಯ ನಡುವೆ ಒಂದು ಎತ್ತರದ ಕಲ್ಲಿನ ಕಟ್ಟೆಯಿದೆ. ಪೌಲನನ್ನು ರೋಮನ್ ಅಧಿಕಾರಿ ಗಲಿಯೋನ ಮುಂದೆ ವಿಚಾರಣೆಗೆ ನಿಲ್ಲಿಸಿದ್ದು ಇಲ್ಲೇ ಎನ್ನುತ್ತಾರೆ. "ಪೌಲ ಬಂದದ್ದು ಯಾವ ವರ್ಷ ಅಂತ ಹೇಗೆ ಗೊತ್ತು?" ಎಂದು ಕೇಳಿದೆ. ಉತ್ತರ ಇದ್ದದ್ದು ಕೊರಿಂಥಿನಲ್ಲಲ್ಲ, ಕೊಲ್ಲಿಯ ಆಚೆಗಿರುವ ಡೆಲ್ಫಿಯಲ್ಲಿ. ಅಲ್ಲಿ ಸಿಕ್ಕ ಶಾಸನದ ಚೂರುಗಳಲ್ಲಿ ಚಕ್ರವರ್ತಿ ಕ್ಲಾಡಿಯಸ್ ಬರೆಸಿದ ಪತ್ರವಿದೆ, ಅದರಲ್ಲಿ ಗಲಿಯೋನ ಹೆಸರಿದೆ. ಅದರ ಲೆಕ್ಕ ಹಿಡಿದರೆ ಗಲಿಯೋ ಇಲ್ಲಿ ಅಧಿಕಾರದಲ್ಲಿದ್ದದ್ದು ಕ್ರಿ.ಶ. 51ರ ಆಸುಪಾಸು. ಪೌಲನ ಇಡೀ ಬದುಕಿನ ಕಾಲಗಣನೆಗೆ ವಿದ್ವಾಂಸರು ಗೂಟ ಹೊಡೆದಿರುವುದು ಈ ಒಡೆದ ಕಲ್ಲಿನ ಚೂರುಗಳ ಮೇಲೆ.

ಅಲ್ಲಿಂದ ಮೈಸೀನಿ. ಈ ದಿನದ ಹೆಚ್ಚಿನ ಹೊತ್ತನ್ನು ಇದಕ್ಕೇ ಮೀಸಲಿಡಿ. ಕೋಟೆಯ ಗೋಡೆ ನೋಡಿದ ಮುಂದಿನ ಕಾಲದ ಗ್ರೀಕರಿಗೇ ಅದನ್ನು ಮನುಷ್ಯರು ಕಟ್ಟಿದ್ದೆಂದು ನಂಬಲಾಗಲಿಲ್ಲ. ಒಂಟಿಗಣ್ಣಿನ ದೈತ್ಯರು, ಸೈಕ್ಲೋಪ್‌ಗಳು, ಎತ್ತಿಟ್ಟ ಬಂಡೆಗಳು ಇವು ಎಂದು ಕಥೆ ಕಟ್ಟಿದರು. ಇವತ್ತಿಗೂ ಪುರಾತತ್ವದವರು ಅದನ್ನು ಸೈಕ್ಲೋಪಿಯನ್ ಗೋಡೆ ಎಂದೇ ಕರೆಯುತ್ತಾರೆ.

ಸಿಂಹದ್ವಾರದ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಂಡು ಒಳಗೆ ನುಗ್ಗುತ್ತಾರೆ. ನಮ್ಮ ಗೈಡ್ ನಮ್ಮನ್ನು ಅಲ್ಲೇ ನಿಲ್ಲಿಸಿದರು. "ಸಿಂಹಗಳು ಯಾಕೆ ಅಲ್ಲಿವೆ ಹೇಳಿ" ಎಂದರು. ಅಲಂಕಾರಕ್ಕೆ ಎಂದೆವು. ಅವರು ಕೈಯೆತ್ತಿ ಗೋಡೆಯ ವರಸೆಗಳನ್ನು ತೋರಿಸಿದರು. ಬಾಗಿಲಿನ ಮೇಲಿನ ತೊಲೆಗಲ್ಲು ಸುಮಾರು 20 ಟನ್ನಿನದು. ಅದರ ನೆತ್ತಿಯ ಮೇಲೆ ಇಡೀ ಗೋಡೆಯ ಭಾರ ಬಿದ್ದರೆ ನಡುವೆ ಸೀಳಿಬಿಡುತ್ತದೆ. ಹಾಗಾಗಿ ಕಲ್ಲುಕುಟಿಗರು ಎರಡೂ ಕಡೆಯ ವರಸೆಗಳನ್ನು ಒಂದಿಷ್ಟೊಂದಿಷ್ಟೇ ಒಳಕ್ಕೆ ಚಾಚುತ್ತಾ ಹೋಗಿ, ತೊಲೆಯ ಮೇಲೆ ತ್ರಿಕೋನದ ಖಾಲಿ ಜಾಗ ಬಿಟ್ಟರು. ಮೇಲಿನ ಭಾರ ಆ ತ್ರಿಕೋನದ ಇಳಿಜಾರಿನಲ್ಲಿ ಜಾರಿ ಎರಡೂ ಪಕ್ಕದ ಕಂಬಗಲ್ಲುಗಳ ಮೇಲೆ ಇಳಿಯುತ್ತದೆ. ಖಾಲಿ ಬಿಟ್ಟ ಜಾಗ ಮುಚ್ಚಲು ಹಗುರಾದ ಒಂದು ಚಪ್ಪಡಿ ಬೇಕಿತ್ತು. ಅದರ ಮೇಲೆ ಎರಡು ಸಿಂಹ ಕೆತ್ತಿದರು. ಜಗತ್ತು ಮೆಚ್ಚುವ ಶಿಲ್ಪ ಹುಟ್ಟಿದ್ದು ತೊಲೆ ಮುರಿಯಬಾರದೆಂಬ ಕಾಳಜಿಯಿಂದ. ಸಿಂಹಗಳಿಗೆ ಈಗ ತಲೆಯಿಲ್ಲ. ಕುತ್ತಿಗೆಯ ಹತ್ತಿರ ಗೂಟ ಕೂರಿಸಿದ ತೂತುಗಳು ಕಾಣುತ್ತವೆ. ತಲೆಗಳನ್ನು ಬೇರೆಯಾಗಿ ಮಾಡಿ ಸೇರಿಸಿದ್ದರೆಂಬುದಕ್ಕೆ ಆ ತೂತುಗಳೇ ಸಾಕ್ಷಿ. ಹೊಸ್ತಿಲಿನಲ್ಲೂ ತೊಲೆಯಲ್ಲೂ ಕದ ತಿರುಗುತ್ತಿದ್ದ ಗುಳಿಗಳಿವೆ, ಪಕ್ಕದ ಕಲ್ಲಿನಲ್ಲಿ ಅಗುಳಿ ತೂರಿಸುತ್ತಿದ್ದ ರಂಧ್ರವಿದೆ. ಅಕ್ಕ ಬಗ್ಗಿ ಆ ರಂಧ್ರವನ್ನೇ ನೋಡುತ್ತಾ, "ಅಜ್ಜಿ ಮನೆ ಹೆಬ್ಬಾಗಿಲಿಗೂ ಹೀಗೇ ಅಲ್ವೇನೋ ಅಗುಳಿ ಹಾಕ್ತಿದ್ದದ್ದು" ಎಂದಳು. ಕ್ರಿ.ಪೂ. 1250ರ ಸುಮಾರಿನ ಬಾಗಿಲು ಒಂದೇ ಮಾತಿನಲ್ಲಿ ನಮ್ಮ ಮನೆಯದಾಯಿತು.

ಬಾಗಿಲು ದಾಟಿದ ಕೂಡಲೇ ಬಲಕ್ಕೆ ದುಂಡನೆಯ ಗೋರಿಗಳ ಆವರಣ. 1876ರಲ್ಲಿ ಹೈನ್‌ರಿಕ್ ಶ್ಲೀಮಾನ್ ಅಗೆದದ್ದು ಇಲ್ಲೇ. ಹೋಮರನ ಕಾವ್ಯ ಅಕ್ಷರಶಃ ಚರಿತ್ರೆ ಎಂದು ನಂಬಿದ್ದ ಜರ್ಮನ್ ವ್ಯಾಪಾರಿ ಆತ. ಕ್ರಿ.ಶ. 2ನೆಯ ಶತಮಾನದಲ್ಲಿ ಪೌಸಾನಿಯಸ್ ಎಂಬ ಪ್ರವಾಸಿ ಗ್ರೀಸ್ ಸುತ್ತಿ ಹತ್ತು ಸಂಪುಟ ಬರೆದಿಟ್ಟಿದ್ದ. ಅದರಲ್ಲಿ ಅಗಮೆಮ್ನಾನನ ಗೋರಿ ಕೋಟೆಗೋಡೆಯ ಒಳಗಿದೆ ಎಂಬ ಮಾತಿತ್ತು. ಒಳಗೆ ಎಂದರೆ ಒಳಗೇ ಎಂದು ಶ್ಲೀಮಾನ್ ಇಲ್ಲಿ ಗುದ್ದಲಿ ಹಾಕಿಸಿದ. ಬಂಗಾರದ ರಾಶಿಯೇ ಸಿಕ್ಕಿತು, ಸತ್ತವರ ಮುಖಕ್ಕೆ ಹೊದಿಸಿದ ಚಿನ್ನದ ಮುಖವಾಡಗಳು ಸಿಕ್ಕವು. ಟ್ರಾಯ್ ಯುದ್ಧದ ನಾಯಕ ಅಗಮೆಮ್ನಾನನೇ ಸಿಕ್ಕಿದ ಎಂದು ಆತ ಜಗತ್ತಿಗೆ ಸಾರಿದ. ಗಡ್ಡಮೀಸೆಯ ಆ ಪ್ರಸಿದ್ಧ ಮುಖವಾಡ ಇವತ್ತಿಗೂ ಅಗಮೆಮ್ನಾನನ ಹೆಸರಿನಲ್ಲೇ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ.

ಅದು ಅವನದಲ್ಲ. ಗೋರಿಯಲ್ಲಿ ಸಿಕ್ಕ ಮಡಕೆ, ಆಯುಧಗಳ ಕಾಲ ಕ್ರಿ.ಪೂ. 16ನೆಯ ಶತಮಾನ. ಟ್ರಾಯ್ ಯುದ್ಧಕ್ಕೆ ಗ್ರೀಕರು ಹೇಳುತ್ತಿದ್ದ ಕಾಲ ಅದಕ್ಕಿಂತ ಮುನ್ನೂರು ವರ್ಷ ಈಚಿನದು. ಇನ್ನೂ ಸ್ವಾರಸ್ಯದ ಮಾತೊಂದಿದೆ. ಗೋರಿಗಳನ್ನು ತೋಡಿದಾಗ ಆ ಜಾಗ ಕೋಟೆಯ ಹೊರಗಿತ್ತು. ಕ್ರಿ.ಪೂ. 13ನೆಯ ಶತಮಾನದಲ್ಲಿ ಕೋಟೆ ವಿಸ್ತರಿಸಿದವರು ಗೋಡೆಯನ್ನು ಬಳಸಿ ತಂದು ಆ ಗೋರಿಗಳನ್ನು ಒಳಗೆ ಸೇರಿಸಿಕೊಂಡರು, ಸುತ್ತ ಚಪ್ಪಡಿ ನಿಲ್ಲಿಸಿ ಆವರಣ ಮಾಡಿದರು. ಅಂದರೆ ಸಿಂಹದ್ವಾರ ಕಟ್ಟಿದವರಿಗೂ ಆ ಗೋರಿಗಳು ಮುನ್ನೂರು ವರ್ಷ ಹಳೆಯ, ಕೈಮುಗಿಯಬೇಕಾದ ಪುರಾತನ. ಪೌಸಾನಿಯಸ್‌ನ ಬರಹವೇ ಮೊದಲು ನೋಡಿದ ಆ ಗೋರಿಗೆ "ಖಜಾನೆ" ಎಂಬ ತಪ್ಪು ಹೆಸರು ಬರಲು ಕಾರಣವಾಯಿತು. ಅದೇ ಬರಹ ಶ್ಲೀಮಾನನನ್ನು ಸರಿಯಾದ ಜಾಗಕ್ಕೆ ಕರೆತಂದಿತು. ಐತಿಹ್ಯವನ್ನು ಪೂರ್ತಿ ನಂಬಿದರೂ ಕೆಟ್ಟೆವು, ಪೂರ್ತಿ ತಳ್ಳಿಹಾಕಿದರೂ ಕೆಟ್ಟೆವು. ಎಲ್ಲಿ ಅಗೆಯಬೇಕೆಂದು ಕಥೆ ಹೇಳಬಹುದು, ಸಿಕ್ಕದ್ದೇನೆಂದು ಮಣ್ಣಿನ ಪದರವೇ ಹೇಳಬೇಕು.

ಹಾಗಾದರೆ ಇಲ್ಲಿ ಬಾಳಿದವರು ಸ್ವತಃ ಏನೂ ಬರೆದಿಡಲಿಲ್ಲವೇ? ಬರೆದಿದ್ದಾರೆ. ಮಣ್ಣಿನ ಹಲಗೆಗಳ ಮೇಲೆ ಗೀರಿದ ಆ ಲಿಪಿಗೆ ಲೀನಿಯರ್ ಬಿ ಎಂದು ಹೆಸರು. ಅದನ್ನು 1952ರಲ್ಲಿ ಬಿಡಿಸಿದವರು ಮೈಕೆಲ್ ವೆಂಟ್ರಿಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ. ಅದರ ಭಾಷೆ ಗ್ರೀಕ್‌ನದೇ ಅತಿ ಹಳೆಯ ರೂಪ ಎಂದು ಗೊತ್ತಾದಾಗ ವಿದ್ವತ್ ಲೋಕ ಬೆರಗಾಯಿತು. ಆ ಹಲಗೆಗಳಲ್ಲಿ ಅಗಮೆಮ್ನಾನನ ಸುದ್ದಿಯಿಲ್ಲ, ವೀರಗಾಥೆಯಿಲ್ಲ. ಇರುವುದೆಲ್ಲ ಉಗ್ರಾಣದ ಲೆಕ್ಕ: ಇಷ್ಟು ಉಣ್ಣೆ, ಇಷ್ಟು ಎಣ್ಣೆ. ಕೋಟೆಯ ಹೊರಗಿನ ಮನೆಗಳಲ್ಲಿ ಸಿಕ್ಕ ಹಲಗೆಗಳಲ್ಲಿ ಮಸಾಲೆಯ ಪಟ್ಟಿಯೇ ಇದೆ. ಗೈಡ್ ಓದಿ ಹೇಳಿದರು: ಕು-ಮಿ-ನೊ, ಸ-ಸ-ಮ, ಕೊ-ರಿ-ಅ-ದ-ನ. ಜೀರಿಗೆ, ಎಳ್ಳು, ಕೊತ್ತಂಬರಿ. ಅಕ್ಕನ ಮುಖ ಅರಳಿತು. ಸುಡದೆ ಒಣಗಿಸಿದ ಆ ಮಣ್ಣಿನ ಹಲಗೆಗಳು ಮಳೆಗೆ ಕರಗಿಹೋಗಬೇಕಿತ್ತು. ಮನೆಗಳಿಗೆ ಬಿದ್ದ ಬೆಂಕಿ ಅವನ್ನು ಸುಟ್ಟು ಗಟ್ಟಿ ಮಾಡಿತು. ಊರನ್ನು ಸುಟ್ಟ ಬೆಂಕಿಯೇ ಊರಿನ ಲೆಕ್ಕದ ಪುಸ್ತಕವನ್ನು ಉಳಿಸಿಕೊಟ್ಟಿತು.

ಊಟಕ್ಕೆ ನಾಫ್ಲಿಯೊ. ಸಮುದ್ರದ ಅಂಚಿನ ಚೆಂದದ ಊರು, ಅಥೆನ್ಸ್‌ಗಿಂತ ಮೊದಲು ಆಧುನಿಕ ಗ್ರೀಸಿನ ರಾಜಧಾನಿಯಾಗಿತ್ತು. ಒಂದು ಗಂಟೆ ಕೂತು ಉಂಡು ಎದ್ದರೆ ಎಪಿಡಾರಸ್ ಮೂವತ್ತು ಕಿಲೋಮೀಟರ್ ಒಳಗೇ.

ಎಪಿಡಾರಸ್ ಎಂದರೆ ಎಲ್ಲರಿಗೂ ರಂಗಮಂದಿರ. ಆದರೆ ಅದು ಮೂಲತಃ ಆಸ್ಪತ್ರೆಯಂಥ ಕ್ಷೇತ್ರ. ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಸನ್ನಿಧಿಗೆ ದೂರದೂರದಿಂದ ರೋಗಿಗಳು ಬರುತ್ತಿದ್ದರು. ಮಿಂದು, ಕಾಣಿಕೆ ಸಲ್ಲಿಸಿ, ಅಬಟಾನ್ ಎಂಬ ಉದ್ದನೆಯ ಮೊಗಸಾಲೆಯಲ್ಲಿ ರಾತ್ರಿ ಮಲಗುತ್ತಿದ್ದರು. ಕನಸಿನಲ್ಲಿ ದೇವರು ಬಂದು ವಾಸಿಮಾಡುತ್ತಾನೆ ಎಂಬುದು ನಂಬಿಕೆ. ವಾಸಿಯಾದವರ ವೃತ್ತಾಂತಗಳನ್ನು ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಿದ್ದರು, ಅವುಗಳಲ್ಲಿ ಕೆಲವು ಸಿಕ್ಕಿವೆ. ಅಥೆನ್ಸ್‌ನಿಂದ ಬಂದ ಅಂಬ್ರೋಸಿಯಾ ಎಂಬ ಒಂದು ಕಣ್ಣಿನ ಹೆಂಗಸಿನ ಕಥೆ ಅದರಲ್ಲಿದೆ. ಕುಂಟರು, ಕುರುಡರು ಕನಸು ಕಂಡೇ ವಾಸಿಯಾದರಂತೆ ಎಂಬುದನ್ನು ಓದಿ ಅವಳು ನಕ್ಕಳಂತೆ. ಅವತ್ತು ರಾತ್ರಿ ದೇವರು ಕನಸಿಗೆ ಬಂದು, ಗುಣಪಡಿಸುತ್ತೇನೆ, ನಿನ್ನ ಅರಿವುಗೇಡಿತನದ ನೆನಪಿಗೆ ಗುಡಿಗೆ ಬೆಳ್ಳಿಯ ಹಂದಿಯೊಂದನ್ನು ಒಪ್ಪಿಸು ಎಂದನಂತೆ. ಬೆಳಗಾಗುವಾಗ ಕಣ್ಣು ಬಂದಿತ್ತು ಎನ್ನುತ್ತದೆ ಕಲ್ಲು. ಈ ಕಲ್ಲನ್ನು ಬರೆಸಿದ್ದು ಕ್ಷೇತ್ರದವರೇ ಎಂಬುದನ್ನು ನೆನಪಿಡಬೇಕು. ವಾಸಿಯಾಗದೆ ಮರಳಿದವರ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಹಾಗೆಂದು ಅದು ಬೇಡದ ಕಲ್ಲೂ ಅಲ್ಲ. ಜನ ಯಾವ ಯಾವ ನೋವು ಹೊತ್ತು ಬರುತ್ತಿದ್ದರು, ಏನನ್ನು ಹಂಬಲಿಸುತ್ತಿದ್ದರು ಎಂಬುದನ್ನು ಅದರಷ್ಟು ಹತ್ತಿರದಿಂದ ಹೇಳುವ ಬರಹ ಇನ್ನೊಂದಿಲ್ಲ.

ರಂಗಮಂದಿರ ಕ್ರಿ.ಪೂ. 4ನೆಯ ಶತಮಾನದ ಕೊನೆಯದು. ಗುಡ್ಡದ ಮಡಿಲಿನಲ್ಲಿ ಬೀಸಣಿಗೆಯಂತೆ ಹರಡಿದ 55 ಸಾಲುಗಳು, ಕೆಳಗೆ 34, ಮೇಲೆ 21. ಹದಿಮೂರು ಸಾವಿರ ಜನ ಕೂರಬಹುದು. ಕೆಳಗಿನ ದುಂಡು ಅಂಗಳದ ನಡುವೆ ಯಾರೋ ಒಬ್ಬರು ನಾಣ್ಯ ಬೀಳಿಸುತ್ತಲೇ ಇರುತ್ತಾರೆ. ಕೊನೆಯ ಸಾಲಿಗೂ ಕೇಳುತ್ತದೆ ಎಂಬುದು ಜಗತ್ಪ್ರಸಿದ್ಧ ಮಾತು. ಇದನ್ನೂ ಅಳೆದು ನೋಡಿದವರಿದ್ದಾರೆ. 2007ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು, ಕಲ್ಲಿನ ಸಾಲುಗಳ ಏರಿಳಿತ ಗಾಳಿ, ಗುಜುಗುಜುಗಳಂಥ ತಗ್ಗು ಕಂಪನದ ಸದ್ದನ್ನು ತಡೆದು ಮಾತಿನ ದನಿಯನ್ನು ಎತ್ತಿಕೊಡುತ್ತದೆ ಎಂದರು. 2017ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ವಿಶ್ವವಿದ್ಯಾಲಯದವರು ಉಪಕರಣಗಳನ್ನಿಟ್ಟು ಅಳೆದರು. ಪಿಸುಮಾತಾಗಲಿ ನಾಣ್ಯದ ಸದ್ದಾಗಲಿ ಕೊನೆಯ ಸಾಲಿನವರೆಗೆ ಸ್ಪಷ್ಟವಾಗಿ ತಲುಪುವುದಿಲ್ಲ, ತುಂಬುದನಿಯಲ್ಲಿ ಆಡಿದ ಮಾತು ತಲುಪುತ್ತದೆ ಎಂದು ತೋರಿಸಿದರು. ನನಗಂತೂ ಎರಡನೆಯದು ತಿಳಿದ ಮೇಲೆ ರಂಗಮಂದಿರದ ಬಗ್ಗೆ ಅಭಿಮಾನ ಹೆಚ್ಚಿತು. ಈ ಕಲ್ಲಿನ ಬಟ್ಟಲು ನಟನ ದನಿಗಾಗಿ ಕಟ್ಟಿದ್ದು. ಮೈಕಿಲ್ಲದೆ ಸಾವಿರಾರು ಜನಕ್ಕೆ ಮಾತು ಮುಟ್ಟಿಸುವ ಕೆಲಸವನ್ನು ಅದು ಮಾಡುತ್ತದೆ. ಈಗಲೂ ಬೇಸಿಗೆಯ ಸಂಜೆಗಳಲ್ಲಿ ಇಲ್ಲಿ ಗ್ರೀಕ್ ನಾಟಕಗಳಾಗುತ್ತವೆ.

ಮೇಲಿನ ಸಾಲಿನಲ್ಲಿ ಕೂತಾಗ ಗೈಡ್‌ಗೆ ನಮ್ಮ ಬಿಎಂಶ್ರೀಯವರ ಬಗ್ಗೆ ಹೇಳಿದೆ. ಸೊಫೊಕ್ಲೀಸನ ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ 'ಅಶ್ವತ್ಥಾಮನ್' ಬರೆದದ್ದು, ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದದ್ದು ಕೇಳಿ ಅವರಿಗೆ ಸಂತೋಷವಾಯಿತು. ಆ ಹುರುಪಿನಲ್ಲಿ ಇನ್ನೊಂದು ಮಾತೂ ಹೇಳಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ, ಕ್ಯಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದಲ್ಲಿ ಸೆರೆಯಾದ ಕಥೆ ಅದು, ಅದರಲ್ಲಿ ಅಲ್ಲಿಯ ಅರಸ ಆಡುವ ಮಾತು ಕನ್ನಡ ಎಂದೆ.

ಅವರು ಗಂಭೀರವಾಗಿಯೇ ಕೇಳಿದರು: "ಹೇಗೆ ಗೊತ್ತು?"

ಬೆಳಗಿನಿಂದ ನಾನು ಕೇಳುತ್ತಾ ಬಂದ ಪ್ರಶ್ನೆ. ಉತ್ತರ ಪ್ರಾಮಾಣಿಕವಾಗಿರಬೇಕಿತ್ತು. 1904ರಲ್ಲಿ ಶಾಸನತಜ್ಞ ಹುಲ್ಟ್ಜ್ ಆ ಮಾತುಗಳು ಕನ್ನಡವಿರಬಹುದೆಂದು ಸೂಚಿಸಿದರು. ನಮ್ಮ ಆರ್. ಶಾಮಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ಅಂಥವರು ಅದನ್ನು ಮುಂದುವರಿಸಿದರು. ಬಾರ್ನೆಟ್‌ರಂಥ ವಿದ್ವಾಂಸರು ಒಪ್ಪಲಿಲ್ಲ. ಗ್ರೀಕರ ಕಿವಿಗೆ ಪರಭಾಷೆಯಂತೆ ಕೇಳಲಿ ಎಂದು ಕಟ್ಟಿದ ಅರ್ಥವಿಲ್ಲದ ಸದ್ದುಗಳಿರಬಹುದು ಎಂಬ ವಾದವೂ ಇದೆ. ತೀರ್ಮಾನವಾಗಿಲ್ಲ. ಇಷ್ಟನ್ನೂ ಅವರಿಗೆ ಹೇಳಿದೆ. "ಕನ್ನಡ" ಎಂದದ್ದನ್ನು "ಕನ್ನಡವಿರಬಹುದು" ಎಂದು ತಿದ್ದಿಕೊಂಡೆ. ಅವರು ಚೀಲದಿಂದ ಪುಟ್ಟ ಪುಸ್ತಕ ತೆಗೆದು ಪಪೈರಸ್‌ನ ಸಂಖ್ಯೆ ಕೇಳಿದರು. 413 ಎಂದೆ. ಬರೆದುಕೊಂಡರು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಗ್ರೀಸಿಗೆ ಹೋಗುವವರಿಗೆ ನನ್ನ ಸಲಹೆ ಇಷ್ಟೇ. ಮೈಸೀನಿಗೆ ಹೋಗುವ ಹಿಂದಿನ ದಿನ ಅಥೆನ್ಸ್‌ನ ವಸ್ತುಸಂಗ್ರಹಾಲಯ ನೋಡಿ, ಗೋರಿಯಲ್ಲಿ ಸಿಕ್ಕದ್ದರಲ್ಲಿ ಬಹುಪಾಲು ಅಲ್ಲಿದೆ. ಚಳಿಗಾಲದಲ್ಲಿ ತಾಣಗಳು ಮಧ್ಯಾಹ್ನವೇ ಮುಚ್ಚುತ್ತವೆ, ವೇಳೆ ವಿಚಾರಿಸಿಕೊಂಡು ಹೊರಡಿ. ಬೇಸಿಗೆಯಾದರೆ ಕೊರಿಂಥನ್ನು ಹಿಂದಕ್ಕೆ ಹಾಕಿ, ನೆರಳಿಲ್ಲದ ಮೈಸೀನಿಯನ್ನು ಬೆಳಗ್ಗೆಯೇ ಹತ್ತಿ. ಟೋಪಿ, ನೀರು, ಜಾರದ ಚಪ್ಪಲಿ ಮರೆಯಬೇಡಿ. ನೆಲದ ಮೇಲೆ ಬಿದ್ದ ಮಡಕೆಯ ಚೂರನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಗೋರಿಯ ಕಾಲವನ್ನು ಹೇಳಿದ್ದು ಅಂಥ ಚೂರುಗಳೇ. ಅದರ ಜಾಗದಿಂದ ಎತ್ತಿದರೆ ಅದು ಮೂಕವಾಗುತ್ತದೆ.

ಸಂಜೆ ಕಾರು ಅಥೆನ್ಸ್ ಕಡೆಗೆ ತಿರುಗಿದಾಗ ಅಕ್ಕ ಕಣ್ಣು ಮುಚ್ಚಿಕೊಂಡು ಕು-ಮಿ-ನೊ, ಸ-ಸ-ಮ ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಮೈಸೀನಿಯ ಒಬ್ಬ ಕರಣಿಕ ಹಸಿ ಮಣ್ಣಿನ ಮೇಲೆ ಗೀರಿದ ಲೆಕ್ಕ ಅದು. ಅದರ ಮುಂದೆ ಮಾತ್ರ ಯಾವ ಪ್ರಶ್ನಾರ್ಥಕ ಚಿಹ್ನೆಯೂ ಬೇಕಿರಲಿಲ್ಲ.